ಒಲೆಯ ಹೊಗೆಗೆ ಗೋಡೆ ಕೊರೆಯುವಾಗ: ಯಾವ ಗೋಡೆಗೆ ಯಾವ ವಿಧಾನ?

ಅಡುಗೆಮನೆಗೆ ಚಿಮಣಿ ಕೊಂಡರೆ ಅದನ್ನು ನೇತುಹಾಕಿ ಪೈಪು ಸಿಕ್ಕಿಸಿ ಕೊಡುವುದು ಅಂಗಡಿಯವರ ಕಡೆಯ ಹುಡುಗರ ಕೆಲಸ. ಗೋಡೆಯ ತೂತು ಸಾಮಾನ್ಯವಾಗಿ ಅವರ ಲೆಕ್ಕಕ್ಕೆ ಸೇರುವುದಿಲ್ಲ, ಅದನ್ನು ಮನೆಯವರೇ ಮಾಡಿಸಿಟ್ಟಿರಬೇಕು. ಹೀಗಾಗಿ ಕೊನೇ ಗಳಿಗೆಯಲ್ಲಿ ಸಿಕ್ಕ ಪ್ಲಂಬರ್ ಕೈಗೆ ಸುತ್ತಿಗೆ ಕೊಟ್ಟು ಮುಗಿಸುವುದೇ ಹೆಚ್ಚು. ಆಮೇಲೆ ಹೊರಗೋಡೆಯ ಗಿಲಾವು ಊಟದ ತಟ್ಟೆಯಗಲ ಕಳಚಿರುತ್ತದೆ, ಮೊದಲ ಮಳೆಗೇ ಪೈಪಿನ ಸುತ್ತ ನೀರಿಳಿಯುತ್ತದೆ, ಇಲ್ಲವೇ ಕಿಟಕಿಯ ತಲೆಯ ಮೇಲಿನ ಕಾಂಕ್ರೀಟ್ ಪಟ್ಟಿಯ, ಅಂದರೆ ಲಿಂಟಲ್‌ನ ಕಂಬಿ ಅಡ್ಡ ಬಂದು ತೂತು ಅರ್ಧಕ್ಕೇ ನಿಂತಿರುತ್ತದೆ.

ದಾರಿಗಳು ಮುಖ್ಯವಾಗಿ ಮೂರು. ವಜ್ರದ ಬಿಟ್ ಇರುವ ಮಷಿನ್‌ನಿಂದ ಕೋರ್ ಕಟಿಂಗ್ ಮಾಡಿಸುವುದು, ಡ್ರಿಲ್ ಮತ್ತು ಚಾಣದಿಂದ ಒಡೆಸುವುದು, ಗೋಡೆಯನ್ನು ಮುಟ್ಟದೆ ಕಿಟಕಿ ಅಥವಾ ವೆಂಟಿಲೇಟರ್ ಮೂಲಕ ಪೈಪು ಹಾಯಿಸುವುದು. ತೂತೇ ಬೇಡ ಎನ್ನುವವರಿಗೆ ಇದ್ದಿಲಿನ ಫಿಲ್ಟರ್ ಇರುವ ಚಿಮಣಿಗಳೂ ಇವೆ. ಅವು ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತವೆ. ಶಾಖ, ಆವಿ ಒಳಗೇ ಉಳಿಯುತ್ತವೆ, ಇದ್ದಿಲನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ದಿನಾ ಒಗ್ಗರಣೆ, ವಾರಕ್ಕೊಮ್ಮೆ ಕರಿಯುವ ಅಡುಗೆ ಇರುವ ಮನೆಗೆ ಅದನ್ನು ನಾವು ಹೇಳುವುದಿಲ್ಲ.

ಯಾವುದು ಅಗ್ಗ ಎಂಬ ಪ್ರಶ್ನೆ ಆಮೇಲಿನದು. ಗೋಡೆ ಯಾವುದರದ್ದು, ತೂತು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ಎರಡು ಸಂಗತಿ ಗೊತ್ತಾದರೆ ವಿಧಾನದ ಆಯ್ಕೆ ಮುಕ್ಕಾಲು ಮುಗಿದಂತೆ.

ಗೋಡೆ ಯಾವುದೆಂದು ತಿಳಿಯುವುದು

ಮನೆ ಕಟ್ಟಿಸಿದವರಿಗೇ ಎಷ್ಟೋ ಸಲ ಯಾವ ಗೋಡೆ ಇಟ್ಟಿಗೆ, ಯಾವುದು ಬ್ಲಾಕ್ ಎಂಬುದು ನೆನಪಿರುವುದಿಲ್ಲ. ತೂತು ಬರಬೇಕಾದ ಜಾಗದ ಮಧ್ಯದಲ್ಲಿ 6 ಮಿ.ಮೀ. ಬಿಟ್‌ನಿಂದ ಎರಡು ಇಂಚು ಆಳ ಕೊರೆದು ಬರುವ ಪುಡಿ ನೋಡಿ. ಮೊದಲ ಅರ್ಧ ಮುಕ್ಕಾಲು ಇಂಚು ಗಿಲಾವಿನ ಬೂದು ಪುಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ, ಕರಾವಳಿಯಲ್ಲಾದರೆ ಕೆಂಪುಕಲ್ಲು. ಬೂದು ಪುಡಿ ಸಲೀಸಾಗಿ ಬರುತ್ತಿದ್ದರೆ ಕಾಂಕ್ರೀಟ್ ಬ್ಲಾಕ್. ನಡುವೆ ಬಿಟ್ ತಟ್ಟನೆ ಒಳಕ್ಕೆ ಜಾರಿದರೆ ಟೊಳ್ಳು ಬ್ಲಾಕ್. ಸುಣ್ಣದಂಥ ಬಿಳಿ ಪುಡಿ ಬಂದು ಬಿಟ್ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಹಗುರ ಎಎಸಿ ಬ್ಲಾಕ್. ಬಿಟ್ ಕಿರುಗುಟ್ಟಿ ಮುಂದಕ್ಕೇ ಹೋಗದಿದ್ದರೆ ಅಲ್ಲಿರುವುದು ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್, ಅಥವಾ ಕಲ್ಲು. ಒತ್ತಡ ಹಾಕದೆ ನಿಲ್ಲಿಸಿ ಒಂದಡಿ ಪಕ್ಕಕ್ಕೆ ಇನ್ನೊಂದು ಸಲ ಪರೀಕ್ಷಿಸಿ.

ಕೋಣೆಯ ಮೂಲೆಯಿಂದ ಒಂದೂಕಾಲು ಅಡಿಯೊಳಗೆ ತೂತು ಬೇಡ. ಪಿಲ್ಲರ್ ಮನೆಗಳಲ್ಲಿ 9 ಇಂಚಿನ ಕಂಬ ಗೋಡೆಯ ಮಟ್ಟಕ್ಕೇ ಹುದುಗಿರುತ್ತದೆ, ಗಿಲಾವಿನ ಮೇಲೆ ಗುರುತೇ ಸಿಗುವುದಿಲ್ಲ.

ವಯರಿಂಗ್ ವಿಚಾರ. ಸ್ವಿಚ್‌ಬೋರ್ಡ್ ಮತ್ತು ಪ್ಲಗ್ ಪಾಯಿಂಟ್‌ಗಳಿಂದ ನೆಟ್ಟಗೆ ಮೇಲಕ್ಕೆ ಗೆರೆ ಎಳೆದುಕೊಳ್ಳಿ. ಛಾವಣಿಯಿಂದ ಇಳಿಯುವ ಪೈಪು ಬಹುಪಾಲು ಆ ಗೆರೆಯಲ್ಲೇ ಇರುತ್ತದೆ. ಅದರಿಂದ ಎರಡೂ ಕಡೆ ಆರಾರು ಇಂಚು ಬಿಡಿ. ಮೇಲಿನ ಟ್ಯಾಂಕಿನಿಂದ ಸಿಂಕ್ ನಲ್ಲಿಗೆ ಇಳಿಯುವ ನೀರಿನ ಪೈಪಿಗೂ ಇದೇ ಲೆಕ್ಕ. ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ಕಬ್ಬಿಣವನ್ನು ಚೆನ್ನಾಗಿ ಹಿಡಿಯುತ್ತದೆ, ಕರೆಂಟ್ ಹರಿಯುವ ವಯರನ್ನು ಹೆಚ್ಚಾಗಿ ಹಿಡಿಯುತ್ತದೆ. ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ವಿಷಯದಲ್ಲಿ ಅದನ್ನು ನಂಬಬೇಡಿ.

ಏಳಡಿಯ ತಕರಾರು

ಅತಿ ಹೆಚ್ಚು ತೂತುಗಳು ಕೆಡುವುದು ಇಲ್ಲಿ. ನಮ್ಮ ಕಡೆ ಅಡುಗೆ ಕಟ್ಟೆ 32ರಿಂದ 34 ಇಂಚು, ಅದರ ಮೇಲೆ ಒಲೆ 5 ಇಂಚು. ಒಲೆಯ ಮೇಲ್ಮೈಯಿಂದ ಚಿಮಣಿಯ ತಳಕ್ಕೆ 26ರಿಂದ 30 ಇಂಚು ಬಿಡುತ್ತಾರೆ. ಅಂದರೆ ಚಿಮಣಿಯ ತಳ ನೆಲದಿಂದ ಸುಮಾರು ಐದೂವರೆ ಅಡಿಗೆ ಬರುತ್ತದೆ. ಒಡಲು ಇನ್ನೊಂದು 18ರಿಂದ 20 ಇಂಚು ತಿಂದರೆ ಗಾಳಿ ಹೊರಬೀಳುವ ಬಾಯಿ ಏಳಡಿಯ ಆಸುಪಾಸಿಗೆ ನಿಲ್ಲುತ್ತದೆ.

ಲಿಂಟಲ್ ಇರುವುದೂ ಅಲ್ಲೇ! ಬಾಗಿಲು ಕಿಟಕಿಗಳ ತಲೆ ಏಳಡಿಗೆ, ಅದರ ಮೇಲೆ ಆರಿಂಚು ದಪ್ಪದ ಕಾಂಕ್ರೀಟ್ ಪಟ್ಟಿ. ಅನೇಕ ಮನೆಗಳಲ್ಲಿ ಅದು ಕಿಟಕಿಯ ಮೇಲಷ್ಟೇ ಅಲ್ಲದೆ ಗೋಡೆಯುದ್ದಕ್ಕೂ ಓಡಿರುತ್ತದೆ. ಬಾಯಿಯ ನೇರಕ್ಕೆ ಹಿಂದಿನ ಗೋಡೆಯಲ್ಲಿ ಗುರುತು ಹಾಕಿದರೆ ಆ ಪಟ್ಟಿಯ ಹೊಟ್ಟೆಗೇ ಬರುತ್ತದೆ. ಕಂಬಿ ಕತ್ತರಿಸಿದ ಲಿಂಟಲ್ ಅವತ್ತೇ ಬೀಳುವುದಿಲ್ಲ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುವಾಗ ಗೊತ್ತಾಗುತ್ತದೆ.

ಆದ್ದರಿಂದ ಪೈಪನ್ನು ಚಿಮಣಿಯಿಂದ ನೆಟ್ಟಗೆ ಮೇಲಕ್ಕೆ ಒಯ್ದು ಒಂದೇ ಬಾಗು ಕೊಟ್ಟು ಲಿಂಟಲ್ ಮೇಲಿಂದ ಹೊರಗೆ ಹಾಯಿಸಬೇಕು. ತೂತಿನ ಮಧ್ಯಬಿಂದು ನೆಲದಿಂದ 8 ಅಡಿಗೆ ಇಟ್ಟರೆ 7 ಇಂಚಿನ ತೂತಿನ ಕೆಳಅಂಚು 7 ಅಡಿ 8 ಇಂಚಿಗೆ, ಮೇಲಂಚು 8 ಅಡಿ 4 ಇಂಚಿನೊಳಗೆ ಬರುತ್ತದೆ. ಹತ್ತಡಿ ಎತ್ತರದ ಮನೆಯಲ್ಲಿ ಛಾವಣಿಯ ಬೀಮ್ ಸಾಮಾನ್ಯವಾಗಿ 9 ಅಡಿಯ ಸುತ್ತಮುತ್ತ ಶುರುವಾಗುವುದರಿಂದ ಎರಡರ ನಡುವೆ ಅಡಿಗೂ ಹೆಚ್ಚು ಜಾಗ ಸಿಗುತ್ತದೆ. ಒಂಬತ್ತೂವರೆ ಅಡಿ ಎತ್ತರದ ಫ್ಲ್ಯಾಟ್‌ಗಳಲ್ಲಿ ಈ ಕಿಂಡಿ ಇನ್ನೂ ಕಿರಿದು. ಅಲ್ಲಿ ಬೀಮಿನ ಅಡಿಭಾಗವನ್ನು ಅಳೆಯದೆ ಮಷಿನ್ ತರಿಸಬೇಡಿ.

ಒಲೆಯ ಮೇಲೆ ಅಟ್ಟದ ಸಜ್ಜಾ ಇದ್ದರೆ ಕಷ್ಟ ಜಾಸ್ತಿ. ಸಜ್ಜಾದ ಮುಖ್ಯ ಕಂಬಿಗಳು ಗೋಡೆಯಿಂದ ಹೊರಮುಖವಾಗಿ ಚಾಚಿರುತ್ತವೆ, ಭಾರವೆಲ್ಲ ಸಜ್ಜಾ ಗೋಡೆಗೆ ಸೇರುವ ಬುಡದಲ್ಲಿ ಬೀಳುತ್ತದೆ. ಚಿಮಣಿ ಪೈಪು ಹಾಯಬೇಕಾದ್ದೂ ಆ ಬುಡದಲ್ಲೇ. ಅಲ್ಲಿ ಕೊರೆಯುವ ಬದಲು ಒಡಲು ಗಿಡ್ಡವಾದ ಚಿಮಣಿ ಆರಿಸಿ, ಸಜ್ಜಾದ ಕೆಳಗೇ ಪೈಪನ್ನು ಪಕ್ಕದ ಹೊರಗೋಡೆಗೆ ತಿರುಗಿಸುವುದು ಒಳ್ಳೆಯದು. ಚಿಮಣಿ ಕೊಳ್ಳುವ ಮೊದಲೇ ಟೇಪು ಹಿಡಿದು ಅಳೆಯಬೇಕು ಎಂದು ಹೇಳುವುದು ಇದಕ್ಕೇ.

ಆರಿಂಚಿನ ಪೈಪಿಗೆ ಆರಿಂಚಿನ ತೂತು ಸಾಲದು

ಇಲ್ಲಿನ ಚಿಮಣಿಗಳ ಬಾಯಿ ಬಹುಪಾಲು 6 ಇಂಚು, ಅಂದರೆ 150 ಮಿ.ಮೀ. ಆರಿಂಚಿನ ಕೋರ್ ಬಿಟ್ ಕೊರೆಯುವುದು 152 ಮಿ.ಮೀ. ತೂತು. ಹೊಗೆ ಪೈಪಿಗೆ ಹೊರಕವಚವಾಗಿ, ಅಂದರೆ ತೋಳಾಗಿ, ಗೋಡೆಯೊಳಗೆ ಹಾಕುವ ಆರಿಂಚಿನ ಪಿವಿಸಿ ಪೈಪಿನ ಹೊರವ್ಯಾಸ 160 ಮಿ.ಮೀ. ಅದು ಒಳಗೆ ಹೋಗುವುದೇ ಇಲ್ಲ. ತೋಳು ಬಿಟ್ಟು ಅಲ್ಯೂಮಿನಿಯಂ ಸುರುಳಿ ಪೈಪನ್ನೇ ತುರುಕಿದರೆ ಇಟ್ಟಿಗೆಯ ಅಂಚು ತಾಗಿ ಹರಿಯುತ್ತದೆ, ಹರಿದ ಜಾಗದಿಂದ ಎಣ್ಣೆಜಿಡ್ಡು ಗೋಡೆಯೊಳಗೆ ಇಳಿದು ಬಣ್ಣದ ಮೇಲೆ ಕಂದು ಕಲೆ ಏಳುತ್ತದೆ. ಕೋರ್ ಕಟಿಂಗ್‌ನವರಿಗೆ 7 ಇಂಚಿನ ಬಿಟ್ ತರಲು ಹೇಳಿ. ಫೋನಿನಲ್ಲಿ ಹೇಳಿದ್ದು ಸಾಲದು, ಗೋಡೆಗೆ ಇಡುವ ಮೊದಲು ಬಿಟ್ ಬಾಯಿಯನ್ನು ಟೇಪಿನಲ್ಲಿ ಅಳೆಯಿರಿ.

ನಾಲ್ಕಿಂಚಿನ ತೂತು ಮೊದಲೇ ಇದೆ, ಅದಕ್ಕೇ ಪೈಪು ಕಿರಿದಾಗಿಸುವ ರೆಡ್ಯೂಸರ್ ಹಾಕಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಲ್ಕಿಂಚಿನ ಪೈಪಿನ ಬಾಯಿ ಆರಿಂಚಿನದರ ಅರ್ಧಕ್ಕಿಂತ ಕಡಿಮೆ, ನೂರಕ್ಕೆ 44 ಭಾಗ ಮಾತ್ರ. ಗಂಟೆಗೆ 1,200 ಘನ ಮೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದ ಚಿಮಣಿ ಸದ್ದು ಮಾಡುತ್ತದೆ, ಹೊಗೆ ಎಳೆಯುವುದಿಲ್ಲ, ಮೋಟಾರು ಬಿಸಿಯಾಗುತ್ತದೆ.

ಕೋರ್ ಕಟಿಂಗ್

ಸ್ಟ್ಯಾಂಡಿಗೆ ಕೂರಿಸಿದ ಮೋಟಾರು, ಮುಂದೆ ಕೊಳವೆಯಾಕಾರದ ಬಿಟ್, ಅದರ ಬಾಯಂಚಿಗೆ ವಜ್ರದ ಹರಳು ಬೆಸೆದ ಹಲ್ಲು. ನೀರು ಹರಿಸುತ್ತಾ ಕೊರೆಯುತ್ತದೆ. ಸುತ್ತಿಗೆಯ ಪೆಟ್ಟು ಇಲ್ಲವಾದ್ದರಿಂದ ಗೋಡೆ ಅದುರುವುದಿಲ್ಲ, ಟೈಲ್ಸ್ ಬಿಡುವುದಿಲ್ಲ, ತೂತು ಗುಂಡಗೆ ಬರುತ್ತದೆ. 9 ಇಂಚಿನ ಇಟ್ಟಿಗೆ ಗೋಡೆಗೆ ಕೊರೆತ ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ, ಮಷಿನ್ ಕೂರಿಸಲು ಮತ್ತು ಕೆಸರು ಬಳಿದು ತೆಗೆಯಲು ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ದರವನ್ನು ವ್ಯಾಸ ಮತ್ತು ಆಳದ ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ, ಆದರೆ ಒಂದೇ ತೂತಿಗೆ ಬಂದರೂ ಕನಿಷ್ಠ ಇಷ್ಟು ಎಂಬ ಮೊತ್ತ ಇರುತ್ತದೆ. ಎಸಿ ಪೈಪು, ಬಾತ್‌ರೂಮ್ ಎಕ್ಸಾಸ್ಟ್‌ಗೂ ತೂತು ಬೇಕಿದ್ದರೆ ಒಂದೇ ದಿನ ಮಾಡಿಸುವುದೇ ಲಾಭ.

ಎಡವಟ್ಟಾಗುವ ಜಾಗಗಳು ಇವು.

ಸ್ಟ್ಯಾಂಡನ್ನು ಗೋಡೆಗೆ ಒಂದು ಆಂಕರ್ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಆ ಬೋಲ್ಟ್ ತೂತಿನ ಕೆಳಗೆ ಸುಮಾರು ಒಂದಡಿಗೆ ಬರುವುದರಿಂದ ಟೈಲ್ಸ್ ಮೇಲೆ ಬೀಳಬಹುದು. ಚಿಮಣಿಯ ಉಕ್ಕಿನ ಕವಚದ ಹಿಂದೆ ಮುಚ್ಚಿಹೋಗುತ್ತದೆಯೇ ಎಂದು ಮೊದಲೇ ನೋಡಿ. ಟೊಳ್ಳು ಬ್ಲಾಕಿನಲ್ಲಿ ಆಂಕರ್ ಹಿಡಿಯುವುದಿಲ್ಲ, ಎರಡೂ ಕಡೆಗೆ ಹಾಯುವ ಉದ್ದ ಬೋಲ್ಟು ಮತ್ತು ಹೊರಗಡೆ ಮರದ ತುಂಡು ಕೊಟ್ಟು ಬಿಗಿಯಬೇಕು. ಸ್ಟ್ಯಾಂಡ್ ತಂದಿಲ್ಲ, ಕೈಯಲ್ಲೇ ಹಿಡಿದು ಮಾಡುತ್ತೇವೆ ಎಂದರೆ ವಾಪಸ್ ಕಳಿಸಿ. ಅಷ್ಟಗಲದ ಬಿಟ್ ಕಂಬಿಗೆ ಕಚ್ಚಿಕೊಂಡರೆ ಮಷಿನ್ನೇ ಗಿರ್ರನೆ ತಿರುಗುತ್ತದೆ. ಮುರಿಯುವುದು ಕೆಲಸಗಾರನ ಮಣಿಕಟ್ಟು.

ಹೊರಗಡೆ ಗಿಲಾವು ಸಿಡಿಯದಿರಲು ಮೊದಲು 14 ಇಂಚು ಉದ್ದದ ಸಣ್ಣ ಬಿಟ್‌ನಿಂದ ಮಧ್ಯಬಿಂದುವಿನಲ್ಲಿ ಆರಪಾರ ತೂತು ಹಾಕಿಸಿ. ಹೊರಗೆ ಏಣಿ ನಿಲ್ಲುವ ಜಾಗವಿದ್ದರೆ ಆ ಬಿಂದುವಿನಿಂದ ಮೂರೂವರೆ ಇಂಚಿನ ಅಳತೆಗೆ ವೃತ್ತ ಎಳೆದು ಗ್ರೈಂಡರ್‌ನಲ್ಲಿ ಗಿಲಾವನ್ನಷ್ಟೇ ಸೀಳಿಟ್ಟರೆ ಬಿಟ್ ಹೊರಬರುವಾಗ ಅಂಚು ಶುದ್ಧವಾಗಿ ಕಳಚುತ್ತದೆ. ಕೊನೆಯ ಒಂದಿಂಚಿಗೆ ಒತ್ತಡ ಇಳಿಸಲು ಹೇಳಿ.

ಬಿಟ್ಟುಬರುವ ತುಂಡು ಹಗುರವಲ್ಲ. ಹತ್ತಿಂಚು ದಪ್ಪದ ಇಟ್ಟಿಗೆ ಗೋಡೆಯಲ್ಲಿ ಏಳಿಂಚು ಅಗಲದ ತುಂಡು ಸುಮಾರು 10 ಕೆ.ಜಿ. ತೂಗುತ್ತದೆ. ಅದು ಎರಡನೇ ಮಹಡಿಯಿಂದ ಹೊರಕ್ಕೆ ಜಾರಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಕೆಳಗೆ ಒಬ್ಬರನ್ನು ನಿಲ್ಲಿಸಿ ದಾರಿ ತಡೆಯಿರಿ. ಮಧ್ಯದ ಸಣ್ಣ ತೂತಿಗೆ ಉದ್ದ ಬೋಲ್ಟು ಹಾಯಿಸಿ, ಹೊರತುದಿಗೆ ಅಗಲ ವಾಷರ್ ಮತ್ತು ನಟ್ಟು ಬಿಗಿದು, ತುಂಡನ್ನು ಒಳಮುಖಕ್ಕೆ ಎಳೆದುಕೊಳ್ಳುವುದು ಇನ್ನೂ ಭದ್ರ.

ಒಂದೆರಡು ಬಕೆಟ್ ಕೆಸರುನೀರು ಹರಿಯುತ್ತದೆ. ಕಟ್ಟೆ, ಒಲೆ, ಕ್ಯಾಬಿನೆಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪ್ ಒತ್ತಿ. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರನ್ನು ಹೊರಗಿಡಿ. ಕೆಸರನ್ನು ಸಿಂಕಿಗೆ ಸುರಿಯಲು ಬಿಟ್ಟರೆ ಸಿಮೆಂಟಿನ ಕೆನೆ ಕೆಳಗಿನ ಟ್ರ್ಯಾಪಿನಲ್ಲಿ ಹೆಪ್ಪುಗಟ್ಟಿ ಮಾರನೇ ದಿನ ಪ್ಲಂಬರ್‌ಗೆ ಫೋನು ಮಾಡಬೇಕಾಗುತ್ತದೆ.

ಇಳಿಜಾರು ಮರೆಯಬೇಡಿ. ಹತ್ತಿಂಚಿನ ಗೋಡೆಗೆ ಒಳಗಿಂದ ಹೊರಕ್ಕೆ ಅರ್ಧ ಇಂಚು ತಗ್ಗಿರಬೇಕು. ಸ್ಟ್ಯಾಂಡ್ ಕೂರಿಸುವಾಗಲೇ ಅದನ್ನು ಓರೆ ಮಾಡಬೇಕು, ಕೊರೆದ ಮೇಲೆ ಸರಿಪಡಿಸಲಾಗದು.

ಡ್ರಿಲ್, ಚಾಣ, ಸುತ್ತಿಗೆ

ಕೋರ್ ಮಷಿನ್ ಸಿಗದ ಊರಿನಲ್ಲಿ, ಅಥವಾ ನೀರು ತಾಗಿಸಬಾರದ ಗೋಡೆಯಲ್ಲಿ ಇದೇ ದಾರಿ. ಸಹನೆಯಿಂದ ಮಾಡುವ ಮೇಸ್ತ್ರಿ ಸಿಕ್ಕರೆ ಇಟ್ಟಿಗೆ ಗೋಡೆಗೆ ಯಾವ ಅಪಾಯವೂ ಇಲ್ಲ. ಅವಸರದವನ ಕೈಗೆ ದೊಡ್ಡ ಬ್ರೇಕರ್ ಕೊಟ್ಟರೆ ಒಂದಡಿ ತೂತಿಗೆ ಎರಡಡಿ ಗೋಡೆ ಸಡಿಲವಾಗುತ್ತದೆ.

ಎರಡೂ ಕಡೆ 8 ಇಂಚಿನ ವೃತ್ತ ಬರೆಯಿರಿ. ನಾಲ್ಕಿಂಚಿನ ಗ್ರೈಂಡರಿಗೆ ವಜ್ರದ ಬಿಲ್ಲೆ ಹಾಕಿ ಗಿಲಾವನ್ನು ಒಂದಿಂಚು ಆಳ ಸೀಳಿ. ಗುಂಡಗೆ ಸೀಳಲು ಬಾರದಿದ್ದರೆ ಎಂಟು ಮೂಲೆ ಮಾಡಿದರಾಯಿತು. ವೃತ್ತದ ಗುಂಟ ಇಂಚಿಗೊಂದರಂತೆ 12 ಮಿ.ಮೀ. ಬಿಟ್‌ನಿಂದ ತೂತು ಹಾಕಿದರೆ 25 ತೂತು ಬರುತ್ತವೆ. ಒಳಗಿನಿಂದ ಅರ್ಧ ಆಳ, ಹೊರಗಿನಿಂದ ಅರ್ಧ ಆಳ. ಆಮೇಲೆ ಚಾಣ ಮಧ್ಯದಿಂದ ಶುರುವಾಗಬೇಕು, ಅಂಚಿನಿಂದಲ್ಲ. ಮಧ್ಯದಲ್ಲಿ ಪೊಳ್ಳು ಆದರೆ ಅಂಚಿನ ತುಂಡುಗಳು ಒಳಕ್ಕೆ ಮುರಿಯುತ್ತವೆ. ಅಂಚಿನಿಂದ ಹೊಡೆದರೆ ಪೆಟ್ಟು ಅಕ್ಕಪಕ್ಕದ ಇಟ್ಟಿಗೆಗೆ ಹೋಗಿ ಗಾರೆ ಬಿಡುತ್ತದೆ. ಎರಡು ಕೆ.ಜಿ. ಸುತ್ತಿಗೆ ಬೇಡ, ಒಂದು ಕೆ.ಜಿ.ಯದು ಸಾಕು.

ಇಟ್ಟಿಗೆಯ ಉದ್ದವೇ 9 ಇಂಚು ಆಗಿರುವುದರಿಂದ 8 ಇಂಚಿನ ತೂತಿನ ಮೇಲಿನ ಭಾರವನ್ನು ಮೇಲಿನ ಸಾಲು ತಾನೇ ಹೊರುತ್ತದೆ. ಒಂದಡಿ ಮೀರಿದರೆ ಮಾತ್ರ ಎರಡೂ ಬದಿಗೆ ಆರಾರು ಇಂಚು ಕೂರುವಂತೆ ಕಡಪ ಕಲ್ಲಿನ ತುಂಡನ್ನು ಲಿಂಟಲ್ ಹಾಗೆ ಇಡಿಸಿ. ನಾಲ್ಕೂವರೆ ಇಂಚಿನ ಒಂಟಿ ಇಟ್ಟಿಗೆ ಗೋಡೆಗೆ ಸುತ್ತಿಗೆ ತಾಗಿಸಲೇಬೇಡಿ. ಅದು ಇಡೀ ಗೋಡೆಯಾಗಿ ಅದುರುತ್ತದೆ, ಇನ್ನೊಂದು ಬದಿಯ ಟೈಲ್ಸ್ ಬೀಳುತ್ತವೆ.

ಕೈಯಲ್ಲಿ ಒಡೆದ ತೂತು ಸದಾ ದೊಡ್ಡದೇ ಆಗುತ್ತದೆ. ತೋಳು ಇಟ್ಟು ಸುತ್ತ ಇಟ್ಟಿಗೆ ಚೂರು, 1:4 ಸಿಮೆಂಟ್ ಗಾರೆ ತುಂಬಬೇಕು. ತುಂಬುವ ಮೊದಲು ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿ, ಇಲ್ಲದಿದ್ದರೆ ಗಾರೆಯ ನೀರನ್ನು ಅದು ಕುಡಿದುಬಿಡುತ್ತದೆ, ಗಾರೆ ಪುಡಿಪುಡಿಯಾಗುತ್ತದೆ. ಹಳೇ ಗಿಲಾವು ಮತ್ತು ಹೊಸದು ಸೇರುವಲ್ಲಿ ಕೋಳಿಬಲೆ ಹಾಕಿ ಬಳಿದು ಒಂದು ವಾರ ನೀರುಣಿಸಿದರೆ ಬಿರುಕು ಕಾಣುವುದಿಲ್ಲ.

ಕಿಟಕಿ ಅಥವಾ ಹಳೇ ಎಕ್ಸಾಸ್ಟ್ ತೂತು

ಬಾಡಿಗೆ ಮನೆಗೆ ಇದೇ ಸರಿ. ಕಿಟಕಿಯ ಗಾಜಿಗೇ ತೂತು ಮಾಡಿಸುವ ಯೋಚನೆ ಬಿಡಿ. ಟಫನ್ಡ್ ಗಾಜನ್ನು ಕತ್ತರಿಸಲು ಬರುವುದಿಲ್ಲ, ಸಾದಾ ಗಾಜಿನಲ್ಲಿ ಆರಿಂಚಿನ ತೂತು ಮಾಡಿದರೆ ಉಳಿಯುವ ಅಂಚು ಶಾಖಕ್ಕೆ ಸೀಳುತ್ತದೆ. ಗಾಜನ್ನೇ ತೆಗೆದು ಅದೇ ಅಳತೆಗೆ ಒಂದೂವರೆ ಮಿ.ಮೀ. ಅಲ್ಯೂಮಿನಿಯಂ ತಗಡು ಕೂರಿಸಿ ಅದರಲ್ಲಿ ತೂತು ಮಾಡಿ. ಮನೆ ಬಿಡುವಾಗ ಗಾಜು ವಾಪಸ್ ಹಾಕಿದರಾಯಿತು. ಅಡ್ಡಿಯಾಗುವುದು ಕಬ್ಬಿಣದ ಗ್ರಿಲ್. ಅದರ ಸರಳುಗಳ ನಡುವೆ ನಾಲ್ಕೈದು ಇಂಚಿನ ಸಂದಿ, ಪೈಪು ಆರಿಂಚು. ಸರಳು ಕತ್ತರಿಸಲು ಮಾಲೀಕರು ಒಪ್ಪಬೇಕು. ಕಿಟಕಿಯ ಮೇಲೆ ಗಾಜಿನ ಪಟ್ಟಿಗಳ ವೆಂಟಿಲೇಟರ್ ಇದ್ದರೆ ಎರಡು ಪಟ್ಟಿ ತೆಗೆದ ಜಾಗ ಹೆಚ್ಚಾಗಿ ಸಾಕಾಗುತ್ತದೆ.

ಎಕ್ಸಾಸ್ಟ್ ಫ್ಯಾನಿನ ಹಳೇ ತೂತು ಒಲೆಯ ಹತ್ತಿರವಿದ್ದರೆ ಭಾಗ್ಯ. ದೂರವಿದ್ದರೆ ಲೆಕ್ಕ ತಿರುಗುತ್ತದೆ. ಹತ್ತಡಿ ಸುರುಳಿ ಪೈಪು, ಮೂರು ಬಾಗು ಎಂದಾದರೆ ಹೊಸ ತೂತು ಕೊರೆಸುವುದೇ ವಾಸಿ. ಫ್ಯಾನನ್ನೂ ಉಳಿಸಿಕೊಂಡು ಅದೇ ಪೈಪಿಗೆ ಚಿಮಣಿ ಸೇರಿಸುವುದಂತೂ ಬೇಡ, ಚಿಮಣಿ ತಳ್ಳಿದ ಗಾಳಿ ಫ್ಯಾನಿನ ಬಾಯಿಯಿಂದ ಒಳಗೇ ಬರುತ್ತದೆ.

ಗೋಡೆ ನೋಡಿ ತೀರ್ಮಾನ

9 ಇಂಚಿನ ಸುಟ್ಟ ಇಟ್ಟಿಗೆಗೆ ಕೋರ್, ಚಾಣ ಎರಡೂ ಸರಿ. ಟೈಲ್ಸ್ ಆಗಿದ್ದರೆ ಕೋರ್, ಗಿಲಾವು ಮಾತ್ರ ಇದ್ದರೆ ಮೇಸ್ತ್ರಿ. ಆರಿಂಚಿನ ಗಟ್ಟಿ ಕಾಂಕ್ರೀಟ್ ಬ್ಲಾಕಿಗೆ ಕೋರ್ ಮಾತ್ರ. ಸುತ್ತಿಗೆ ಪೆಟ್ಟಿಗೆ ಬ್ಲಾಕ್ ಒಡೆಯುವ ಮೊದಲು ಅದರ ಜೋಡುಗಳು ಬಿಡುತ್ತವೆ. ಟೊಳ್ಳು ಬ್ಲಾಕಿನಲ್ಲಿ ಹೇಗೆ ಕೊರೆದರೂ ತೋಳು ಕಡ್ಡಾಯ, ಇಲ್ಲದಿದ್ದರೆ ಇರುವೆ ಜಿರಳೆಗಳಿಗೆ ಗೋಡೆಯೊಳಗೆ ಹೆದ್ದಾರಿ ತೆರೆದಂತೆ. ಎಎಸಿ ಬ್ಲಾಕನ್ನು ಕೈಗರಗಸದಲ್ಲೇ ಕೊಯ್ಯಬಹುದು. ಅದು ನೀರು ಹೀರುವುದರಿಂದ ನೀರು ಬಿಟ್ಟು ಕೊರೆಯುವ ಮಷಿನ್ ಬೇಕಾಗಿಲ್ಲ.

ಬೆಂಗಳೂರಿನ ಹೊಸ ಬಹುಮಹಡಿ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದ ಗೋಡೆಗಳಿರುತ್ತವೆ, ಮೈವಾನ್ ಗೋಡೆ ಎನ್ನುತ್ತಾರೆ. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊರುವುದು, ತುಂಬ ಕಂಬಿಯ ಜಾಲ. ಬಿಲ್ಡರ್ ಮೊದಲೇ ಪೈಪಿನ ತೋಳು ಬಿಟ್ಟಿದ್ದಾರೆಯೇ ಎಂದು ನಕ್ಷೆ ನೋಡಿ. ಎಷ್ಟೋ ಫ್ಲ್ಯಾಟ್‌ಗಳಲ್ಲಿ ಅದು ಗಿಲಾವಿನಡಿ ಮುಚ್ಚಿಹೋಗಿರುತ್ತದೆ. ಇಲ್ಲದಿದ್ದರೆ ನಿವಾಸಿಗಳ ಸಂಘದ ಲಿಖಿತ ಅನುಮತಿ, ಕಂಬಿ ಪತ್ತೆಹಚ್ಚುವ ಸ್ಕ್ಯಾನರ್, ಆಮೇಲೆ ಕೋರ್. ಸುತ್ತಿಗೆಯ ಮಾತೇ ಇಲ್ಲ.

ಕರಾವಳಿಯ ಕೆಂಪುಕಲ್ಲು ಉಳಿಗೆ ಚೆನ್ನಾಗಿ ಒಗ್ಗುತ್ತದೆ, ಕಲ್ಲು ಕೆತ್ತುವವರು ಗುಂಡಗೆ ತೆಗೆದುಕೊಡುತ್ತಾರೆ. ಅಲ್ಲಿನ ಚಿಂತೆ ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಸುರಿಯುತ್ತದೆ, ಮುಂಗಾರಿನ ಹೊಡೆತ ಪಡುವಣ ಮತ್ತು ತೆಂಕಣ ಗೋಡೆಗಳಿಗೆ. ತೂತುತೂತಾದ ಕಲ್ಲು ನೀರನ್ನು ಪೈಪಿನ ಪಕ್ಕದಿಂದಲೇ ಒಳಗೆ ತರುತ್ತದೆ. ಆಗ್ನೇಯ ಮೂಲೆಯಲ್ಲಿ ಅಡುಗೆಮನೆ ಇಡುವ ವಾಸ್ತುವಿನ ರೂಢಿ ಇಲ್ಲಿ ಅನುಕೂಲಕ್ಕೇ ಬಂದಿದೆ: ಮೂಡಣ ಗೋಡೆಗೆ ಕೊರೆಸಿ, ತೆಂಕಣದ್ದನ್ನು ಬಿಡಿ.

ಸೈಜುಗಲ್ಲಿನ ಗೋಡೆಗೆ ಕೋರ್ ಆಗುತ್ತದೆ, ಹೊತ್ತು ಮತ್ತು ಹಣ ಎರಡೂ ಹೆಚ್ಚು. ಮಣ್ಣಿನ ಗಾರೆಯಲ್ಲಿ ಕಾಡುಕಲ್ಲು ಕಟ್ಟಿದ ಒಂದೂವರೆ ಅಡಿಯ ಹಳೇ ಗೋಡೆಯನ್ನು ಮುಟ್ಟಬೇಡಿ. ಒಂದು ಕಲ್ಲು ಎಳೆದರೆ ಮೇಲಿನ ಮೂರು ಇಳಿಯುತ್ತವೆ, ನೀರು ಹೋದರೆ ಮಣ್ಣು ಕರಗುತ್ತದೆ. ವೆಂಟಿಲೇಟರ್ ಮೂಲಕ ಹೋಗಿ.

ತೋಳು, ಪೈಪು, ಹೊರಬಾಯಿ

ಗ್ಯಾಸ್ ಒಲೆಯ ಚಿಮಣಿಗೆ ಗೋಡೆಯೊಳಗಿನ ತೋಳು ಪಿವಿಸಿ ಆಗಬಹುದು. ಚಿಮಣಿಯಿಂದ ಹೊರಬಾಯಿಯ ತನಕ ಹೊಗೆ ಸಾಗಿಸುವ ಪೈಪು ಮಾತ್ರ ಲೋಹದ್ದೇ ಇರಲಿ. ಪಿವಿಸಿ 80 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ, ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದ ದಿನ ಅದೇ ಉರಿಯುವ ಸಾಮಗ್ರಿ. ಸುರುಳಿ ಪೈಪನ್ನು ಪೂರ್ತಿ ಎಳೆದು ಹೆಚ್ಚಾದದ್ದನ್ನು ಕತ್ತರಿಸಿ ಹಾಕಿ. ಮಡಿಕೆ ಬಿಟ್ಟರೆ ಗಾಳಿ ತಡೆಯುತ್ತದೆ, ಜೋತುಬಿದ್ದ ಕಡೆ ಎಣ್ಣೆ ನಿಲ್ಲುತ್ತದೆ. ಜೋಡಣೆಗೆ ಬಟ್ಟೆ ಟೇಪು ಬೇಡ, ಅಲ್ಯೂಮಿನಿಯಂ ಟೇಪು ಮತ್ತು ಕ್ಲಾಂಪ್.

ಹೊರಬಾಯಿಗೆ ತಾನಾಗಿ ಮುಚ್ಚುವ ರೆಕ್ಕೆಗಳ ಮುಚ್ಚಳವೇ ಉತ್ತಮ. ಸೊಳ್ಳೆಪರದೆಯಂಥ ಸಣ್ಣ ಜಾಲರಿ ಎಣ್ಣೆಜಿಡ್ಡಿಗೆ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಪಾರಿವಾಳದ ಕಾಟವಿದ್ದರೆ ಅರ್ಧ ಇಂಚು ಕಣ್ಣಿನ ಜಾಲರಿ ಸಾಕು. ಮುಚ್ಚಳದ ಮೇಲಂಚು ಮತ್ತು ಎರಡು ಬದಿಗೆ ಸಿಲಿಕಾನ್ ಬಳಿದು ಕೆಳಅಂಚು ಬಿಡಿ, ಒಳಹೊಕ್ಕ ನೀರು ಇಳಿಯಲು ದಾರಿ ಬೇಕು. ಪಕ್ಕದ ಮನೆಯ ಕಿಟಕಿಗೆ, ಬಟ್ಟೆ ಒಣಹಾಕುವ ಜಾಗಕ್ಕೆ, ಬಾತ್‌ರೂಮ್ ವೆಂಟಿಲೇಟರ್‌ಗಳು ತೆರೆಯುವ ಶಾಫ್ಟಿಗೆ ಬಾಯಿ ಕೊಡಬೇಡಿ.

ಚಿಮಣಿ ಎಷ್ಟು ಗಾಳಿ ಹೊರಹಾಕುತ್ತದೋ ಅಷ್ಟು ಎಲ್ಲಿಂದಲೋ ಒಳಗೆ ಬರಲೇಬೇಕು. ಕಿಟಕಿ ಬಾಗಿಲು ಮುಚ್ಚಿದ್ದು, ಅಡುಗೆಮನೆಗೆ ತೆರೆದುಕೊಂಡ ಜಾಗದಲ್ಲೇ ಗ್ಯಾಸ್ ಗೀಸರ್ ಇದ್ದರೆ ಅದರ ಹೊಗೆಯನ್ನು ಚಿಮಣಿ ಮನೆಯೊಳಕ್ಕೇ ಎಳೆಯುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ವಾಸನೆ ಬರುವುದಿಲ್ಲ. ಇನ್ನು, ಚಿಮಣಿಯ ತೂತು ಗ್ಯಾಸ್ ಸೋರಿಕೆಗೆ ಮದ್ದಲ್ಲ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ, ಅದಕ್ಕೆ ಕೆಳಗಡೆಯೇ ಕಿಂಡಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಛಾವಣಿಯ ಹತ್ತಿರ.

ಸೌದೆ ಒಲೆ, ಹಂಡೆ ಒಲೆ

ಮೇಲೆ ಹೇಳಿದ ಪಿವಿಸಿ ತೋಳು, ಸಿಲಿಕಾನ್, ಸುರುಳಿ ಪೈಪು ಯಾವುದೂ ಇಲ್ಲಿ ಸಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ಒಲೆಯಿರಲಿ, ಬಚ್ಚಲಿನ ಹಂಡೆ ಒಲೆಯಿರಲಿ, ಕೊಳವೆಯಲ್ಲಿ ಹೋಗುವುದು ಬಿಸಿ ಹೊಗೆ. ಅದನ್ನು ಎಳೆಯಲು ಫ್ಯಾನ್ ಇಲ್ಲ, ಕೊಳವೆಯ ಎತ್ತರ ಮತ್ತು ಶಾಖವೇ ಎಳೆಯಬೇಕು.

ಆಯ್ಕೆ ಎರಡು: ನೆಟ್ಟಗೆ ಮಾಡಿನ ಮೂಲಕ, ಅಥವಾ ಗೋಡೆ ಹಾಯ್ದು ಹೊರಗಿನಿಂದ ಮೇಲಕ್ಕೆ. ಎಳೆತದ ಮಟ್ಟಿಗೆ ನೆಟ್ಟಗೆ ಹೋಗುವುದೇ ಮೇಲು, ಕೊಳವೆ ಮನೆಯೊಳಗೆ ಬೆಚ್ಚಗಿರುತ್ತದೆ. ಆದರೆ ಹೆಂಚಿನ ಮಾಡಿಗೆ ತೂತು ಎಂದರೆ ಪ್ರತಿ ಮಳೆಗಾಲ ಸೋರಿಕೆಯ ತಲೆನೋವು, ಮೇಲಾಗಿ ಪಕಾಸಿ ರೀಪುಗಳ ಮರ ಹತ್ತಿರ. ಒಂಟಿ ತಗಡಿನ ಕೊಳವೆಗೂ ಮರಕ್ಕೂ ಒಂದೂವರೆ ಅಡಿ ಅಂತರ ಬೇಕು. ಅಷ್ಟು ಸಿಗದ ಹಳೇ ಹೆಂಚಿನ ಮನೆಗೆ ಗೋಡೆಯ ದಾರಿಯೇ ನಮ್ಮ ಆಯ್ಕೆ.

ನಾಲ್ಕಿಂಚಿನ ಕೊಳವೆಗೆ 8 ಇಂಚಿನ ತೂತು ತೆಗೆಸಿ, ಸುತ್ತ ಎರಡಿಂಚು ಜಾಗದಲ್ಲಿ ಜೇಡಿಮಣ್ಣು ಮರಳು ಕಲಸಿ ತುಂಬಿ, ಇಲ್ಲವೇ ಬೆಂಕಿ ಹತ್ತದ ಕಲ್ಲುನಾರು (ರಾಕ್‌ವುಲ್) ತುರುಕಿ. ಸಿಮೆಂಟಿನಲ್ಲಿ ಬಿಗಿ ಮಾಡಿದರೆ ಒಂದೆರಡು ತಿಂಗಳಲ್ಲೇ ಬಿರುಕು. ಒಂದು ಮೀಟರ್ ಉಕ್ಕಿನ ಕೊಳವೆ 200 ಡಿಗ್ರಿ ಕಾದರೆ ಎರಡೂವರೆ ಮಿ.ಮೀ.ನಷ್ಟು ಉದ್ದವಾಗುತ್ತದೆ, ಅದಕ್ಕೆ ಸರಿದಾಡಲು ಎಡೆ ಬೇಕು. ಇಳಿಜಾರೂ ಇಲ್ಲಿ ತಿರುಗುಮುರುಗು: ಗೋಡೆಯೊಳಗೆ ಕೊಳವೆ ಹೊರಮುಖಕ್ಕೆ ಏರುತ್ತಾ ಹೋಗಬೇಕು, ಅಡ್ಡ ಓಟ ಎರಡಡಿ ಮೀರಬಾರದು. ಮಳೆನೀರು ಒಳಬಾರದಂತೆ ಹೊರಗೋಡೆಯ ಬಾಯಿಗೆ ಮೇಲಿನಿಂದ ತಗಡಿನ ಕೊಡೆ ಹೊಡೆಯಿರಿ. ಕೊಳವೆಯ ತುದಿ ಹತ್ತಿರದ ಮಾಡಿಗಿಂತ ಎರಡು ಮೂರು ಅಡಿ ಮೇಲಿರಲಿ, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ಒಲೆಯ ಬಾಯಿಗೇ ವಾಪಸ್.

ಹೊರಗೋಡೆಯಲ್ಲಿ ಮೇಲಕ್ಕೆ ತಿರುಗುವ ಜಾಗಕ್ಕೆ ಬಾಗು ಹಾಕದೆ ಟಿ ಹಾಕಿಸಿ, ಅದರ ಕೆಳಬಾಯಿಗೆ ತೆಗೆಯಲು ಬರುವ ಮುಚ್ಚಳ ಇರಲಿ. ತಣ್ಣನೆಯ ಹೊರಕೊಳವೆಯಲ್ಲಿ ಮಸಿ ಮತ್ತು ಡಾಂಬರಿನಂಥ ಕಪ್ಪು ರಸ ಇಳಿದು ಅಲ್ಲೇ ಸೇರುತ್ತದೆ. ಹಸಿ ಸೌದೆ ಉರಿಸುವ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ಬಿಚ್ಚಿ ನೋಡಿ. ಮಸಿ ಕಾಲಿಂಚಿಗಿಂತ ದಪ್ಪಗಟ್ಟಿದ್ದರೆ ಒಲೆ ಆರಿಸಿ, ಕೊಳವೆ ತಣ್ಣಗಾದ ಮೇಲೆ ಬಿದಿರ ಗಳುವಿಗೆ ಗೋಣಿತಾಟು ಸುತ್ತಿ ಮೇಲಿನ ತುದಿಯಿಂದ ಕೆಳಕ್ಕೆ ಉಜ್ಜಬೇಕು. ಕೆಳಗಿನಿಂದ ತಿವಿದರೆ ಮಸಿ ಗೋಡೆಯೊಳಗಿನ ಅಡ್ಡ ಕೊಳವೆಗೆ ಹೋಗಿ ಕೂರುತ್ತದೆ.